ಚೆಲುವಮ್ಮನ ಕಾಲಲ್ಲಿ ಉಳಿದ ಹೆಜ್ಜೆಗಳು

ಹೆಜ್ಜೆ ದಾನದ ಮಾರನೆಯ ದಿನ ನಮ್ಮೂರಿನ ಶಾಲೆಗೆ ರಜೆ. ಕೊಡದೆ ವಿಧಿಯೂ ಇರಲಿಲ್ಲ. ನಾಲ್ಕರಿಂದ ಏಳನೆಯ ಕ್ಲಾಸಿನವರೆಗಿನ ಮಕ್ಕಳಲ್ಲಿ ಆ ದಿನ ಎದ್ದು ನಿಲ್ಲಬಲ್ಲವಳು ನಾನೊಬ್ಬಳೇ. ಉಳಿದವರೆಲ್ಲ ಹಿಂದಿನ ಸಂಜೆ ತಲಾ ಸಾವಿರ ಹೆಜ್ಜೆ ಕೊಟ್ಟು ಕಾಲು ಬರಿದು ಮಾಡಿಕೊಂಡಿರುತ್ತಿದ್ದರು. ಬೆಳಿಗ್ಗೆ ಅಪ್ಪಂದಿರು ಅವರನ್ನು ಹೆಗಲ ಮೇಲೆ ಹೊತ್ತು ತಂದು, ಹಪ್ಪಳ ಒಣಹಾಕಿದ ಹಾಗೆ, ಛತ್ರದ ಉದ್ದ ಜಗಲಿಯ ಮೇಲೆ ಸಾಲಾಗಿ ಇಳಿಸಿ ಹೋಗುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಲಿಗೆ ಜೀವ ಬರುತ್ತಿತ್ತು. ಅಲ್ಲಿಯವರೆಗೆ ಚೌಕಾಬಾರ, ಒಗಟು, ಸುಳ್ಳು ಸುದ್ದಿ, ಅಮ್ಮಂದಿರು ಕಳಿಸಿದ ಒಗ್ಗರಣೆ ಮಂಡಕ್ಕಿ. ಜಗಲಿಯಂಚಿನಿಂದ ಅರವತ್ತೆಪ್ಪತ್ತು ಕಾಲುಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿರುತ್ತಿದ್ದವು.

ಮಂಡಕ್ಕಿ ಹಂಚುತ್ತಿದ್ದವಳು ನಾನು. ವರ್ಷವಿಡೀ ನನ್ನನ್ನು ಕಂಡ ಕೂಡಲೇ "ನೀನು ಕೂತ್ಕೊಳ್ಳೇ ವಾರಿಜಾ" ಎನ್ನುತ್ತಿದ್ದ ಅದೇ ಬಾಯಿಗಳು ಆ ಒಂದು ದಿನ ವಾರಿಜಾ ನೀರು, ವಾರಿಜಾ ನಮ್ಮನೆಗೆ ಹೋಗಿ ಗೋಲಿ ತಾ, ವಾರಿಜಾ ನನ್ನ ಎಡಗಾಲು ಸ್ವಲ್ಪ ಎತ್ತಿಡು ಎಂದು ಜೀವ ತಿನ್ನುತ್ತಿದ್ದವು. ಊರಿಗೆಲ್ಲ ನಾನೇ ಕಾಲು. ಹೆಮ್ಮೆಪಡಬಹುದಿತ್ತು. ಆದರೆ ನನಗೆ ಅವರ ಕಾಲಿನ ಮೇಲೆ ಎಂದೂ ಇಲ್ಲದ ಹೊಟ್ಟೆಕಿಚ್ಚು ಅವರು ಕೂತಿದ್ದ ರೀತಿಯ ಮೇಲೆ ಇತ್ತು. ಕೈಲಾಗದೆ ಕೂತವರ ಕೂರುವಿಕೆ ಬೇರೆ, ಕೊಟ್ಟು ಕೂತವರದ್ದು ಬೇರೆ. ಮೊದಲನೆಯದು ನನಗೆ ಚೆನ್ನಾಗಿ ಗೊತ್ತಿತ್ತು.

ಪರ ಊರಿನವರು ಇದನ್ನು ಕೇಳಿದರೆ ಅದು ಹೇಗೆ ಎನ್ನುತ್ತಾರೆ. ನಮ್ಮಲ್ಲಿ ಹಾಗೆ ಯಾರೂ ಕೇಳುತ್ತಿರಲಿಲ್ಲ. ಹೇಗೆ ಎನ್ನುವುದೇನಿದೆ, ಮಗು ಶಾಲೆಯ ಮೈದಾನದಲ್ಲಿ ಸಾವಿರ ಹೆಜ್ಜೆ ನಡೆಯುತ್ತದೆ, ಚಾಪೆಯ ಮೇಲೆ ಪಡೆಯುವವರ ಎದುರು ಕಾಲು ಚಾಚಿ ಕೂರುತ್ತದೆ, ಅಂಗಾಲಿಗೆ ಅಂಗಾಲು ಹಚ್ಚುತ್ತದೆ. ಮಗು "ತಗೊಳ್ಳಿ" ಎನ್ನಬೇಕು, ಎದುರಿನವರು "ತಾ" ಎನ್ನಬೇಕು. ಅಷ್ಟೇ. ಮೈಮೇಲೆ ಬಿಸಿನೀರು ಹೊಯ್ದುಕೊಂಡಷ್ಟು ಹೊತ್ತೂ ಆಗುವುದಿಲ್ಲ. ಮಾರನೆಯ ದಿನ, ಮಂಡಿ ಹೋದವರು, ಸೊಂಟ ಹಿಡಿದವರು, ಪಾರ್ಶ್ವ ಹೊಡೆದು ಮಲಗಿದವರು ಎದ್ದು ಆ ಸಾವಿರ ಹೆಜ್ಜೆ ನಡೆಯುತ್ತಾರೆ. ಸರ್ಕಾರಿ ಕಾಗದದಲ್ಲಿ ಇದರ ಹೆಸರು ದೇಹದಾರ್ಢ್ಯ ದಾನೋತ್ಸವ. ಡ್ರಿಲ್ ಮೇಷ್ಟ್ರು ಚೌಡಪ್ಪನವರು ವರ್ಷವರ್ಷವೂ ಅದನ್ನು ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ವರ್ಷವರ್ಷವೂ ಢಕ್ಕೆ ಒತ್ತು ಬಿಟ್ಟುಹೋಗುತ್ತಿತ್ತು.

ಹೆಜ್ಜೆಯ ಜೊತೆ ನಡಿಗೆಯೂ ಬರುತ್ತಿತ್ತು ಎಂಬುದೊಂದೇ ತೊಡಕು. ನಿವೃತ್ತ ಅಮಲ್ದಾರರಾದ ಶೇಷಗಿರಿರಾಯರಿಗೆ ಒಂದು ವರ್ಷ ನಾಲ್ಕನೆಯ ಕ್ಲಾಸಿನ ಹುಡುಗಿಯೊಬ್ಬಳ ಹೆಜ್ಜೆ ಸಿಕ್ಕಿ, ಅವರು ಕೋಟು, ಜರಿಪೇಟ, ಬೆಳ್ಳಿಕಟ್ಟಿನ ಬೆತ್ತದ ಸಮೇತ ಇಡೀ ಪೇಟೆಬೀದಿಯನ್ನು ಕುಂಟಾಬಿಲ್ಲೆ ಆಡಿಕೊಂಡು ಹೋದರು. ಯಾರೂ ನಗಲಿಲ್ಲ. ಅಂಗಡಿಯವರು ಎದ್ದು ನಮಸ್ಕಾರ ಮಾಡಿದರು, ರಾಯರು ಹಾರುತ್ತಲೇ ಆಶೀರ್ವಾದ ಮಾಡಿದರು. ಅದು ಊರಿನ ಮರ್ಯಾದೆ. ಮಕ್ಕಳ ಹೆಜ್ಜೆಗೆ ನಿಲ್ಲುವುದು ಗೊತ್ತಿರಲಿಲ್ಲ. ಪಡೆದವರನ್ನು ಎಳೆದುಕೊಂಡು ಎಲ್ಲೆಲ್ಲೋ ಓಡಿಸಿ, ಸಂಜೆಯೊಳಗೆ ಖರ್ಚಾಗಿ, ಯಾವುದೋ ಬೇಲಿಯ ಪಕ್ಕ ಕೂರಿಸಿಬಿಡುತ್ತಿದ್ದವು. ಅವರನ್ನು ಹುಡುಕಿ ಮನೆಗೆ ತರಲು ಪುರಸಭೆಯಿಂದ ಎರಡು ಕುರ್ಚಿ, ನಾಲ್ಕು ಆಳು.

ನನ್ನನ್ನು ನಾಲ್ಕನೆಯ ಕ್ಲಾಸಿನಲ್ಲಿ ಪಡೆಯುವವರ ಬೆಂಚಿನ ಮೇಲೆ ಕೂರಿಸಿದರು. ಕೂರುತ್ತೀಯಾ ಎಂದು ಯಾರೂ ಕೇಳಲಿಲ್ಲ. ಎರಡು ವರ್ಷದವಳಿದ್ದಾಗ ಬಂದ ಜ್ವರವೊಂದು ನನ್ನ ಬಲಗಾಲನ್ನು ಅಲ್ಲಿಗೇ ನಿಲ್ಲಿಸಿ ಹೋಗಿತ್ತು. ಎಡಗಾಲು ಬೆಳೆಯಿತು, ಅದು ಹಿಂದೆ ಉಳಿಯಿತು. ಕಂಕುಳಲ್ಲಿ ಊರುಗೋಲು. ಕೋಲು ಟಕ್ ಎನ್ನುತ್ತಿತ್ತು, ಎಡಗಾಲು ದಪ್ ಎನ್ನುತ್ತಿತ್ತು, ಬಲಗಾಲು ಸರ್ರನೆ ಎಳೆದುಕೊಂಡು ಬಂದು ಸೇರುತ್ತಿತ್ತು. ಹೀಗಾಗಿ ಬೆಂಚಿನ ಕೊನೆಯಲ್ಲಿ, ವಾತ ಕಫಗಳ ಚರ್ಚೆಯ ನಡುವೆ, ಒಂಬತ್ತು ವರ್ಷದ ನಾನು. ಮೂರು ವರ್ಷ ಪಡೆದೆ. ಐದನೆಯ ಕ್ಲಾಸಿನಲ್ಲಿ ನಮ್ಮ ಕ್ಲಾಸಿನವನೇ ಆದ ಸಿದ್ರಾಮನ ಹೆಜ್ಜೆ ಬಂದವು. ಊರಿನಲ್ಲೇ ಚಂದದ ನಡಿಗೆ, ಸಮನಾಗಿ, ಎದೆ ಎತ್ತಿ ನಡೆದೆ. ಎಲ್ಲಿಗೆ ಹೋದೆ ಎಂದರೆ ಗಿರಣಿ ಹಿಂದಿನ ಸೀಬೆಮರಕ್ಕೆ. ಅವನ ಹೆಜ್ಜೆಗೆ ಗೊತ್ತಿದ್ದದ್ದು ಅದೊಂದೇ ದಾರಿ. ಆಮೇಲೆ ಅವನ ಕಾಲಲ್ಲೇ ಹೋಗಿ ಅವನಿಗೇ ಮಂಡಕ್ಕಿ ಕೊಟ್ಟೆ. ಅವನು ಜಗಲಿಯ ಮೇಲಿಂದ, ಸುಮ್ಮಸುಮ್ಮನೆ ನನ್ನವನ್ನ ಸವೆಸಬೇಡ ಎಂದು ಗದರಿದ.

ಕೊಡುವುದು ಏಳನೆಯ ಕ್ಲಾಸಿನವರೆಗೆ ಮಾತ್ರ. ಹೈಸ್ಕೂಲಿನವರ ಹೆಜ್ಜೆ ಅಂಟುವುದಿಲ್ಲ, ಅವರಿಗೆ ಬುದ್ಧಿ ಬಂದಿರುತ್ತದೆ ಎನ್ನುತ್ತಿದ್ದರು. ನಾನು ಏಳಕ್ಕೆ ಬಂದ ವರ್ಷ, ದಾನಕ್ಕೆ ಹದಿನೈದು ದಿನ ಇರುವಾಗ, ಮೈದಾನದಲ್ಲಿ ಸುಣ್ಣದ ಗೆರೆ ಎಳೆಸುತ್ತಿದ್ದ ಚೌಡಪ್ಪನವರ ಹತ್ತಿರ ಹೋಗಿ, ನಾನೂ ಕೊಡುತ್ತೇನೆ ಸಾರ್ ಎಂದೆ.

ಅವರು ಕೆಟ್ಟವರಲ್ಲ. ಸೀಟಿಯನ್ನು ಬಾಯಿಂದ ತೆಗೆದು, ನನ್ನ ಕಾಲನ್ನು ನೋಡದಿರಲು ಬಹಳ ಪ್ರಯತ್ನಪಟ್ಟು ನನ್ನ ಕೋಲನ್ನು ನೋಡಿದರು. "ನಿಂಗ್ಯಾಕಮ್ಮ ಈ ಉಸಾಬರಿ. ನಿನ್ನ ಹೆಸರು ಆಗ್ಲೇ ಪಡೆಯೋರ ಪಟ್ಟೀಲಿದೆ."

"ಅಳಿಸಿ ಸಾರ್."

"ಇಂಕಲ್ಲಿ ಬರ್ದಿದೀನಿ ಕಣಮ್ಮ."

ವಿಷಯ ಮೇಷ್ಟರ ಕೊಠಡಿಗೆ ಹೋಯಿತು. ಅಲ್ಲಿ ನಡೆದದ್ದನ್ನು ಕಿಟಕಿಯ ಕೆಳಗೆ ಕೂತು ನನಗೆ ವರದಿ ಮಾಡಿದವಳು ನೂರಿ. ಪೂರ್ತಿ ಹೆಸರು ನೂರುನ್ನೀಸಾ, ನನ್ನ ಪಕ್ಕದ ಮನೆ, ನನ್ನ ಪಕ್ಕದ ಮಣೆ. ನನ್ನ ಜೊತೆ ನಡೆದೂ ನಡೆದೂ ತಾನೊಬ್ಬಳೇ ಇರುವಾಗಲೂ ನಿಧಾನವಾಗಿ ನಡೆಯುವ ಚಟ ಹತ್ತಿಸಿಕೊಂಡವಳು. ಹೆಡ್ಮಿಸ್ಟ್ರೆಸ್ ಹೇಳಿದರಂತೆ, ದಾನಕ್ಕೆ ಕುಂದಿಲ್ಲದ್ದು ಕೊಡಬೇಕು, ಹರಿದ ಸೀರೆ ಕೊಡುತ್ತೀವಾ, ಕಣ್ಣೊಡೆದ ತೆಂಗಿನಕಾಯಿ ಕೊಡುತ್ತೀವಾ, ಮಗು ಒಳ್ಳೆಯದೇ, ಆದರೆ. ಗಣಿತದ ಮೇಷ್ಟ್ರು, ಎಡಗಾಲಿನದು ಪೂರ್ತಿ ಹೆಜ್ಜೆ, ಬಲಗಾಲಿನದು ಅರ್ಧ ಎಂದು ಹಿಡಿದರೆ ಒಟ್ಟು ಎಷ್ಟು ನಡೆಯಬೇಕಾಗುತ್ತದೆ ಎಂದು ಕಾಗದದ ಮೇಲೆ ಬಿಡಿಸತೊಡಗಿದರಂತೆ. ಚೌಡಪ್ಪನವರು ಮಾತ್ರ, ಹುಡುಗಿ ಕೇಳುತ್ತಾಳಲ್ಲ ಎಂದು ಮೂರು ಸಲ ಅಂದರಂತೆ. ಕೊನೆಗೆ ತೀರ್ಮಾನವಾಯಿತು: ನಡೆಯಲಿ, ಬೆಂಚಿನವರಲ್ಲಿ ಯಾರಾದರೂ "ತಾ" ಎಂದರೆ ಕೊಡಲಿ, ಇಲ್ಲದಿದ್ದರೆ ಇಲ್ಲ. ಶಾಲೆಯ ತೀರ್ಮಾನಗಳೆಲ್ಲ ಹಾಗೆಯೇ, ಬೇಡ ಎನ್ನುವುದನ್ನು ಬೇರೆಯವರ ಬಾಯಲ್ಲಿ ಹೇಳಿಸುವುದು.

ಅಮ್ಮ ರವಿಕೆ ಹೊಲಿಯುತ್ತಿದ್ದಳು. ನಾನು ಹೇಳಿ ಮುಗಿಸುವ ತನಕ ಮಿಷನ್ನು ನಿಲ್ಲಲಿಲ್ಲ. ನಿಲ್ಲಿಸಿದ ಮೇಲೆ ದಾರವನ್ನು ಹಲ್ಲಿನಲ್ಲಿ ಕಡಿದು, "ಇರೋದೇ ಒಂದೂವರೆ ಕಾಲು. ಅದನ್ನೂ ಕೊಟ್ಟು ಬಂದು, ವಾಪಸ್ ಬರ್ದಿದ್ರೆ?" ಎಂದಳು.

ಎಲ್ಲರಿಗೂ ಬರುತ್ತದಲ್ಲ ಎಂದೆ.

"ಎಲ್ಲರ ಕಾಲು ಎಲ್ಲರ ಹಾಗಿದೆ."

ಮಿಷನ್ನು ಮತ್ತೆ ಓಡತೊಡಗಿತು. ಆದರೆ ದಾನದ ದಿನ ಬೆಳಿಗ್ಗೆ ಎದ್ದು ನೋಡಿದರೆ ಊರುಗೋಲಿನ ತಲೆಗೆ ಹೊಸ ಹತ್ತಿಯ ಮೆತ್ತೆ, ಅದರ ಮೇಲೆ ಯಾರದೋ ಮದುವೆ ರವಿಕೆಯಿಂದ ಉಳಿದ ನೇರಳೆ ರೇಷ್ಮೆ ತುಂಡು. ಅಮ್ಮ ನನ್ನ ಮುಖ ನೋಡದೆ, ಅವಲಕ್ಕಿ ಪೂರ್ತಿ ತಿನ್ನು ಎಂದಳು.

ನಡೆದೆ. ಉಳಿದವರು ಸೀಟಿ ಊದಿದ್ದೇ ತಡ ಗುಂಪುಗುಂಪಾಗಿ ಹೊರಟು, ನಾನು ಇನ್ನೂರು ದಾಟುವಷ್ಟರಲ್ಲಿ ಸಾವಿರ ಮುಗಿಸಿ ಬೆಲ್ಲದ ಪಾನಕಕ್ಕೆ ಮುಗಿಬಿದ್ದಿದ್ದರು. ನೂರಿ ತನ್ನದು ಮುಗಿಸಿ ಬಂದು ನನ್ನ ಪಕ್ಕ ನಡೆದಳು. ಹೆಜ್ಜೆ ವ್ಯರ್ಥ ಮಾಡುತ್ತೀಯಲ್ಲೇ ಎಂದರೆ, ನಿನ್ನ ಪಕ್ಕ ನಡೆಯೋದು ನಡೆಯೋದಲ್ಲ, ನಿಲ್ಲೋದರಲ್ಲೇ ಸೇರುತ್ತೆ ಎಂದಳು. ಆರುನೂರರ ಹೊತ್ತಿಗೆ ಕಂಕುಳು ಉರಿಯತೊಡಗಿತು. ಎಂಟುನೂರಕ್ಕೆ ಪಾನಕದ ಕೊಳಗ ತೊಳೆದು ಬೋರಲು ಹಾಕಿದ ಸದ್ದು ಕೇಳಿಸಿತು. ಸಾವಿರ ಮುಗಿದಾಗ ಮೈದಾನದಲ್ಲಿ ನಾನು, ನೂರಿ, ಮತ್ತು ಸೀಟಿಯನ್ನು ಊದಲೋ ಬೇಡವೋ ಎಂದು ಬಾಯಲ್ಲಿಟ್ಟುಕೊಂಡು ನಿಂತ ಚೌಡಪ್ಪನವರು. ಊದಿದರು. ಸಣ್ಣಗೆ.

ಬೆಂಚಿನ ಮೇಲೆ ಇನ್ನೂ ಐದು ಜನ ಉಳಿದಿದ್ದರು. ಅವರ ಮುಂದೆ ಒಬ್ಬೊಬ್ಬರಿಗೇ "ತಗೊಳ್ಳಿ" ಎನ್ನುತ್ತ ಹೋದೆ. ಶೇಷಗಿರಿರಾಯರು, ಈ ಸಲ ನನಗೆ ಬೇಡ ಮಗು, ಹೋದ ವರ್ಷದ್ದೇ ಸುಸ್ತು ಹೋಗಿಲ್ಲ ಎಂದು ತಲೆ ಸವರಿದರು. ಮೋಜಣಿದಾರರಾಗಿದ್ದ ಶಾಮಣ್ಣನವರು ನನ್ನ ಕಾಲುಗಳನ್ನು ವೃತ್ತಿಯ ಕಣ್ಣಿನಿಂದ ಅಳೆದು, ಹೆಜ್ಜೆ ಹೆಜ್ಜೆಗೂ ವ್ಯತ್ಯಾಸ ಬರುತ್ತದಮ್ಮ, ನಾನು ಒಪ್ಪಿದರೂ ನನ್ನ ಸೊಂಟ ಒಪ್ಪಬೇಕಲ್ಲ ಎಂದರು. ಒಬ್ಬರು ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡರು. ಗಿರಣಿಯವರ ಮನೆಯ ಸೊಸೆ ತನ್ನ ಅತ್ತೆಯ ಪರವಾಗಿ ಮಾತಾಡಿ, ನಿನ್ನ ಹತ್ರ ಇರೋದೇ ಕಮ್ಮಿ, ನೀನೇ ಇಟ್ಟುಕೊಳ್ಳಮ್ಮ, ದೇವರು ನಿನ್ನ ಚೆನ್ನಾಗಿಟ್ಟಿರಲಿ ಎಂದಳು. ಇಷ್ಟು ಸಿಹಿಯಾಗಿ ಬೇಡ ಎನ್ನಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೊನೆಯಲ್ಲಿ ಚೆಲುವಮ್ಮ. ಛತ್ರದ ಅಡುಗೆಮನೆಯಲ್ಲಿ ನಲವತ್ತು ವರ್ಷ ನಿಂತೇ ಕಳೆದು, ಆರು ವರ್ಷದಿಂದ ಮಂಡಿ ಹೋಗಿ ಕೂತವಳು. ನಮ್ಮ ಬೀದಿಯಲ್ಲೇ, ನಮ್ಮಿಂದ ಮೂರನೆಯ ಮನೆ. ನಾನು "ತಗೊಳ್ಳಿ" ಎನ್ನುವುದರೊಳಗೆ ಅವಳೇ ಕೇಳಿದಳು.

"ನಿನ್ನವು ಎಷ್ಟು ದೂರದಿಂದ ಕೇಳಿಸ್ತವೆ?"

ಹಂಗಿಸುತ್ತಿದ್ದಾಳೆಂದು ಮುಖ ಬಿಸಿಯಾಯಿತು. ನೂರಿ ನನ್ನ ಪರವಾಗಿ, "ಬಾವಿಕಟ್ಟೆ ಹತ್ರ ಇದ್ರೆ ನಮ್ಮನೆಗೆ ಕೇಳಿಸುತ್ತೆ ಅಜ್ಜಿ, ಅದಕ್ಕೇನೀಗ?" ಎಂದಳು.

ಚೆಲುವಮ್ಮ ಬೆಂಚಿನ ಮೇಲೆ ನನಗೆ ಜಾಗ ಮಾಡಿಕೊಟ್ಟು, ಧ್ವನಿ ತಗ್ಗಿಸಿ ಹೇಳಿದಳು. ಮೇಲಿನ ಬೀದಿಯಲ್ಲಿ ಅವಳ ಅಕ್ಕ ಪುಟ್ಟತಾಯಮ್ಮ ಇದ್ದಾಳಲ್ಲ, ಅವಳ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ. ಒಂದು ಮದುವೆಮನೆಯಲ್ಲಿ ಅಕ್ಕ ಎಲ್ಲರೆದುರಿಗೆ ಇವಳ ಉಪ್ಪಿನಕಾಯಿಗೆ ಬೂಸಲು ಬಂದಿದೆ ಎಂದಿದ್ದಳು. ಬೂಸಲು ಬಂದಿತ್ತೋ ಇಲ್ಲವೋ ಎಂಬುದನ್ನು ಚೆಲುವಮ್ಮ ನನಗೆ ಹೇಳಲಿಲ್ಲ. ಕುರ್ಚಿಯಲ್ಲಿ ಹೊರಿಸಿಕೊಂಡು ಹೋಗಿ ಬಾಗಿಲಲ್ಲಿ ಇಳಿಯುವುದು ಮೆರವಣಿಗೆ ಹೋದಂತಾಗುತ್ತದೆ, ಕಾಲಲ್ಲೇ ಹೋಗಬೇಕು. ಅದಕ್ಕೇ ವರ್ಷವರ್ಷವೂ ಬೆಂಚಿಗೆ ಬರುತ್ತಾಳೆ.

"ಆದ್ರೆ ಈ ಹುಡುಗರ ಹೆಜ್ಜೆ ನಿಲ್ಲಬೇಕಲ್ಲ ಮಗೂ. ಮೂರು ಸಲ ಅವಳ ಬಾಗಿಲ ಮುಂದೇ ಓಡಿಹೋದೆ. ಅಣಕಿಸೋಕೆ ಓಡಿದ್ಲು ಅಂತ ಅವಳು ಇನ್ನೂ ಮುನಿಸ್ಕೊಂಡ್ಲು. ನಂಗೆ ನಿಧಾನದ್ದು ಬೇಕು, ಸದ್ದಿಂದು ಬೇಕು. ದಿಢೀರಂತ ಹೋಗಿ ನಿಂತ್ರೆ ಅವಳು ಏನ್ಮಾಡ್ತಾಳೆ ಪಾಪ. ನಾನು ಬರೋದು ದೂರದಿಂದ್ಲೇ ಕೇಳಿಸ್ಬೇಕು. ಬಾಗ್ಲು ತೆಗೀಲೋ ಹಾಕ್ಲೋ ಅಂತ ಯೋಚ್ನೆ ಮಾಡೋಕೆ ಹೊತ್ತು ಸಿಗ್ಬೇಕು." ಆಮೇಲೆ ಕೈ ನೀಡಿ, "ತಾ. ಕೋಲೂ ಕೊಡು, ಅದಿಲ್ದೆ ಸದ್ದು ಪೂರ್ತಿ ಆಗಲ್ಲ" ಎಂದಳು.

ನೂರಿ ತನ್ನದನ್ನು ಗಿರಣಿಯವರ ಮನೆಯ ಅತ್ತೆಗೆ ಕೊಡಲು ಪಕ್ಕದ ಚಾಪೆಗೆ ಹೋದಳು. ನಮ್ಮ ಚಾಪೆಯ ಮೇಲೆ ಚೆಲುವಮ್ಮನ ಅಂಗಾಲು ಒಣಗಿದ ಹುಣಸೆ ತೊಗಟೆಯ ಹಾಗೆ ನನ್ನದಕ್ಕೆ ಒತ್ತಿತು. ಮೊದಲು ಎಡಗಾಲಿನಿಂದ ಏನೋ ಇಳಿದುಹೋಯಿತು. ಬಲಗಾಲಿನದು ಎಂದಿನಂತೆ ಸ್ವಲ್ಪ ತಡವಾಗಿ ಹೊರಟಿತು.

ಮಾರನೆಯ ದಿನ ಅಮ್ಮ ನನ್ನನ್ನು ಬೆನ್ನ ಮೇಲೆ ಹೊತ್ತು ತಂದು ಛತ್ರದ ಜಗಲಿಯ ಮೇಲೆ ನೂರಿಯ ಪಕ್ಕ ಇಳಿಸಿದಳು. ನಾನು ಜೋತುಬಿದ್ದ ಕಾಲುಗಳ ಸಾಲಿನಲ್ಲಿ ನನ್ನ ಎರಡನ್ನೂ ಜೋಡಿಸಿ ನೋಡಿದೆ. ಜೀವವಿಲ್ಲದಾಗ ಎಲ್ಲ ಕಾಲೂ ಹೆಚ್ಚುಕಡಿಮೆ ಒಂದೇ ಥರ. ಮಂಡಕ್ಕಿ ಹಂಚಲು ಯಾರೂ ಇರಲಿಲ್ಲವಾದ್ದರಿಂದ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿದೆವು. ಸಿದ್ರಾಮನ ತನಕ ಬರುವಷ್ಟರಲ್ಲಿ ಕಡಲೆಬೀಜವೆಲ್ಲ ಖಾಲಿಯಾಗಿ ಅವನು ಗಲಾಟೆ ಎಬ್ಬಿಸಿದ. ಆ ಗಲಾಟೆಯ ನಡುವೆ ಬೀದಿಯ ಕೆಳಗಿನಿಂದ ಸದ್ದು ಕೇಳಿಸಿತು. ಟಕ್, ದಪ್, ಸರ್. ಎಲ್ಲರೂ ಜಗಲಿಯಿಂದ ಬಗ್ಗಿ ನೋಡಿದರು.

"ಏ ವಾರಿಜಾ, ಅಲ್ನೋಡೇ, ನೀನು ಹೋಗ್ತಿದೀಯ," ಎಂದಳು ನೂರಿ.

ನಿಜ. ಚೆಲುವಮ್ಮ ಒಗೆದ ಸೀರೆ ಉಟ್ಟು, ನೇರಳೆ ಮೆತ್ತೆಯ ಕೋಲು ಕಂಕುಳಲ್ಲಿಟ್ಟುಕೊಂಡು, ನಾನಾಗಿ ಹೋಗುತ್ತಿದ್ದಳು. ನನ್ನ ನಡಿಗೆಯ ಬಗ್ಗೆ ನನಗೆ ಬೇರೆಯವರ ಮುಖಗಳಿಂದ ತಿಳಿದಿದ್ದಷ್ಟೇ ಗೊತ್ತಿತ್ತು. ಅದನ್ನು ಬೀದಿಯಲ್ಲಿ ಕಂಡದ್ದು ಅದೇ ಮೊದಲು. ಬಲಗಾಲು ಬಂದು ಸೇರುವ ತನಕ ಎಡಗಾಲು ಕಾಯುತ್ತದೆ. ಆ ಕಾಯುವ ಹೊತ್ತಿನಲ್ಲಿ ಮೈ ಒಂದಿಷ್ಟು ವಾಲಿ, ತಲೆ ಮೇಲೆದ್ದು, ಸುತ್ತ ಒಮ್ಮೆ ನೋಡುತ್ತದೆ. ಕೆಟ್ಟದಾಗಿರಲಿಲ್ಲ. ಬಹಳ ಒಳ್ಳೆಯದಾಗಿತ್ತು ಎಂದೂ ಹೇಳಲಾರೆ. ಆದರೆ ಅದರ ಹಿಂದೆಯೇ ಓಡಿಹೋಗಿ ಅದನ್ನು ಇನ್ನಷ್ಟು ಹೊತ್ತು ನೋಡಬೇಕೆನ್ನಿಸಿತು. ಓಡಲು ಕಾಲಿರಲಿಲ್ಲ. ಇದ್ದಾಗಲೂ ಓಡಿದವಳಲ್ಲ, ಆ ಮಾತು ಬೇರೆ.

ನಮ್ಮ ಬೀದಿಯಿಂದ ಪುಟ್ಟತಾಯಮ್ಮನ ಮನೆಗೆ ನನ್ನ ಲೆಕ್ಕದಲ್ಲಿ ಆರುನೂರು ಹೆಜ್ಜೆ. ಹೊಲಿದ ರವಿಕೆ ಕೊಡಲು ಎಷ್ಟೋ ಸಲ ಹೋಗಿದ್ದೆ. ಸದ್ದು ಬಾವಿಕಟ್ಟೆ ದಾಟಿತು, ತೆಳುವಾಯಿತು, ಮೇಲಿನ ಬೀದಿಗೆ ಹೊರಳಿತು. ನಿಂತಿತು. ಬಾಗಿಲಿನ ಸದ್ದು ಅಷ್ಟು ದೂರಕ್ಕೆ ಕೇಳುವಂಥದ್ದಲ್ಲ. ಹೆಜ್ಜೆ ಮರಳಿ ಬರುತ್ತದೆಯೋ ಎಂದು ಕಾದೆವು. ಮಧ್ಯಾಹ್ನವಾಯಿತು, ಬರಲಿಲ್ಲ. ಹಾಗಾದರೆ ಬಾಗಿಲು ತೆಗೆದಿದ್ದಾಳೆ ಎಂದಳು ನೂರಿ. ಸಿದ್ರಾಮ ಕೂಡ ಚಪ್ಪಾಳೆ ತಟ್ಟಿದ.

ದೀಪ ಹಚ್ಚುವ ಹೊತ್ತಾಯಿತು. ಜಗಲಿಯ ಮೇಲೆ ಒಂದೊಂದೇ ಕಾಲು ಅಲುಗಿತು. ಸಿದ್ರಾಮ ಧುಮುಕಿ ಓಡಿದ. ಒಬ್ಬೊಬ್ಬರಾಗಿ ಎಲ್ಲರೂ ಮನೆಗೆ ಹೋದರು. ನೂರಿ ತನ್ನ ಕಾಲು ಬಂದ ಮೇಲೂ ಬಾರದವಳಂತೆ ಬಹಳ ಹೊತ್ತು ಕೂತಳು. ಅವಳ ಅಬ್ಬಾ ಬಂದು ಕರೆದೊಯ್ದರು. ನನ್ನ ಕಾಲು ಹಾಗೇ ಜೋತಿತ್ತು. ಅಮ್ಮ ಬಂದಳು. ಬೆನ್ನು ಕೊಟ್ಟು ಬಗ್ಗಿದಳು.

ದೀಪ ಹಚ್ಚುವ ಹೊತ್ತಿಗೂ ಕಾಲು ಬರುವುದಕ್ಕೂ ಸಂಬಂಧವಿಲ್ಲ ಎಂಬುದು ಊರಿಗೆ ಗೊತ್ತಾದದ್ದು ಹೀಗೆ. ಕೊಟ್ಟ ಹೆಜ್ಜೆ ಖರ್ಚಾದರೆ ಮಾತ್ರ ಕಾಲು ಬರುತ್ತದೆ. ಮಕ್ಕಳ ಹೆಜ್ಜೆಗಳು ತಾವಾಗಿ ಓಡಿ ಖರ್ಚಾಗುತ್ತಿದ್ದುದರಿಂದ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ನನ್ನವು ನಿಲ್ಲುವುದನ್ನು ಬಲ್ಲವು. ಚೆಲುವಮ್ಮ ಆರುನೂರು ನಡೆದು ಅಕ್ಕನ ಮನೆಯಲ್ಲಿ ಕೂತಳು, ನಾನೂರು ಅವಳ ಕಾಲಲ್ಲೇ ಉಳಿದವು. ಹನ್ನೊಂದು ವರ್ಷದ ಮಾತು ಒಂದು ದಿನಕ್ಕೆ ಮುಗಿಯುವಂಥದ್ದೂ ಅಲ್ಲ.

ಎರಡನೆಯ ದಿನ ಶಾಲೆ ತೆರೆಯಿತು. ಎಲ್ಲರೂ ನಮ್ಮ ಮನೆಯ ಮುಂದೆಯೇ ದಡದಡ ಹೋದರು. ನಾನು ನಮ್ಮ ಜಗಲಿಯ ಮೇಲೆ. ನನ್ನ ಹಣೆಬರಹ ನೋಡಿ, ಎಲ್ಲರೂ ಕೂತಾಗ ನಾನು ನಡೆದಿದ್ದೆ, ಎಲ್ಲರೂ ನಡೆಯುವಾಗ ನಾನು ಕೂತೆ. ಮೂರನೆಯ ದಿನ ಹೆದರಿಕೆಯಾಯಿತು. ತೊಡೆ ಚಿವುಟಿದರೆ ಪಕ್ಕದ ಮನೆಯವರ ತೊಡೆ ಚಿವುಟಿದ ಹಾಗಿತ್ತು. ಅಮ್ಮ ಹೊಲಿಗೆ ಬಿಟ್ಟು ಎರಡು ಸಲ ಮೇಲಿನ ಬೀದಿಗೆ ಹೋಗಿ, ಎರಡು ಸಲವೂ ಆ ಬಾಗಿಲು ತಟ್ಟದೆ ತಿರುಗಿ ಬಂದಳು. ಒಳಗೆ ಇಬ್ಬರೂ ನಗುತ್ತಿದ್ದರಂತೆ. ಎರಡನೆಯ ಸಲ ಅಳುತ್ತಿದ್ದರಂತೆ. ಯಾವಾಗ ತಟ್ಟುವುದು ಎಂದಳು.

ಅಂದು ಸಂಜೆ ಚೌಡಪ್ಪನವರು ಬಂದರು. ಅವರ ಹತ್ತಿರ ಉಪಾಯವಿತ್ತು. ಚೆಲುವಮ್ಮನಿಗೆ ವಿಷಯ ತಿಳಿಸುವುದು, ಅದೇ ಮನೆಯ ಹಿತ್ತಲಲ್ಲಿ ನಾನೂರು ಹೆಜ್ಜೆ ಗಿರಕಿ ಹೊಡೆಸುವುದು, ತಾವೇ ನಿಂತು ಸೀಟಿ ಊದುವುದು. ಕಾಲು ಗಂಟೆಯ ಕೆಲಸ. ಮಾತಾಡುವಾಗ ಅವರು ಕೈಯಲ್ಲಿದ್ದ ಟೋಪಿಯನ್ನು ಹಿಂಡುತ್ತಲೇ ಇದ್ದರು. ಪಟ್ಟಿಯಿಂದ ನನ್ನ ಹೆಸರು ಅಳಿಸಿದ ಕೈ ಅದು.

"ಅವರ ಹೆಜ್ಜೆಗೂ ನಾವೇ ದಿಕ್ಕು ತೋರಿಸ್ಬೇಕಾ ಸಾರ್?" ಎಂದೆ.

"ನಿನ್ನ ಕಾಲಮ್ಮ ಅದು."

"ಕೊಟ್ಟಾಯ್ತಲ್ಲ. ಈಗ ಅವರ ಹೆಜ್ಜೆ. ಹಿತ್ತಲಲ್ಲಿ ಸುತ್ತೋಕೆ ಅಂತ ಕೊಡ್ಲಿಲ್ಲ ನಾನು."

ಅವರು ಅಮ್ಮನ ಕಡೆ ನೋಡಿದರು. ಅವಳು ಒಂದೇ ಮಾತಲ್ಲಿ ಅವರನ್ನು ಮೇಲಿನ ಬೀದಿಗೆ ಕಳಿಸಬಹುದಿತ್ತು. ನನಗೆ ಆ ಒಂದು ಮಾತಿನ ಆಸೆಯೂ ಒಳಗೊಳಗೇ ಇತ್ತು. ಅಮ್ಮ ಸೆರಗಿನಿಂದ ಸೂಜಿ ಕಿತ್ತು ಬಾಯಲ್ಲಿ ಕಚ್ಚಿಕೊಂಡಳು, ಬಾಯಲ್ಲಿ ಸೂಜಿ ಇದ್ದಾಗ ಮಾತಾಡಬೇಕಿಲ್ಲವಲ್ಲ. ಮೇಷ್ಟ್ರು ಇನ್ನೊಂದಿಷ್ಟು ಹೊತ್ತು ನಿಂತು, ಕಾಫಿ ಕುಡಿದು ಹೋದರು. ಅವರು ತಿರುವಿನಲ್ಲಿ ಮರೆಯಾದ ಮೇಲೆ ನಾನು ಗೋಡೆಯ ಕಡೆ ತಿರುಗಿ ಅತ್ತೆ.

ಐದನೆಯ ದಿನ, ಮಕ್ಕಳೆಲ್ಲ ಶಾಲೆಗೆ ಹೋದ ಮೇಲೆ, ಬಿಸಿಲು ನಮ್ಮ ಮೆಟ್ಟಿಲಿಗೆ ಇಳಿಯುವ ಹೊತ್ತು. ಮೇಲಿನ ಬೀದಿಯ ಕಡೆಯಿಂದ ನಾನು ಬರುವುದು ಕೇಳಿಸಿತು. ಟಕ್, ದಪ್, ಸರ್. ಜೊತೆಗೆ ಇನ್ನೊಬ್ಬರ ಚಪ್ಪಲಿಯ ಸದ್ದು, ಕಾದು ಕಾದು ಬರುವ ಸದ್ದು. ಬಾವಿಕಟ್ಟೆಯ ತಿರುವಿನಲ್ಲಿ ಇಬ್ಬರೂ ಕಂಡರು. ಪುಟ್ಟತಾಯಮ್ಮ ಕಂಕುಳಲ್ಲಿ ಒಂದು ಮಣೆ ಇಟ್ಟುಕೊಂಡಿದ್ದಳು. ನಾನೂರು ಹೆಜ್ಜೆಗೆ ಮನೆ ಮುಟ್ಟುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಮಣೆ. ಗಿರಣಿಯ ಮುಂದೆ ಮುಗಿಯಿತು. ಚೆಲುವಮ್ಮ ತೇಲಿದ ಹಾಗೆ ಒಂದು ಗಳಿಗೆ ನಿಂತಳು, ಅಕ್ಕ ಮಣೆ ಸರಿಸಿದಳು, ತಂಗಿ ನಡುಬೀದಿಯಲ್ಲಿ ಕೂತಳು. ಹಿಟ್ಟು ಹೊತ್ತ ಗಾಡಿಯೊಂದು ಅವರನ್ನು ಬಳಸಿಕೊಂಡು ಹೋಯಿತು.

ನನ್ನ ಎಡಗಾಲಿನಲ್ಲಿ ಇರುವೆ ಹರಿದಂತಾಯಿತು. ಬಲಗಾಲು ಸ್ವಲ್ಪ ತಡಮಾಡಿ ಬಂತು. ಅಮ್ಮನನ್ನು ಕೂಗಲಿಲ್ಲ. ಕೋಲು ಅವರ ಹತ್ತಿರ ಇತ್ತು. ಕಂಬ ಹಿಡಿದು ಇಳಿದೆ, ನೂರಿಯ ಮನೆಯ ಗೋಡೆ ಹಿಡಿದೆ, ಆಮೇಲೆ ಬೇಲಿ, ಆಮೇಲೆ ಯಾರೋ ಕಟ್ಟಿದ್ದ ಎಮ್ಮೆಯ ಬೆನ್ನು. ಹಿಡಿಯಲು ಏನೂ ಇಲ್ಲದ ಕಡೆ ತೊಡೆಯ ಮೇಲೆ ಕೈಯೂರಿದೆ. ಇನ್ನೂರು ಹೆಜ್ಜೆಗೆ ಅಷ್ಟು ಹೊತ್ತು ಹಿಡಿದದ್ದು ನನಗೂ ಅದೇ ಮೊದಲು. ಅವರಿಬ್ಬರೂ ಮಾತು ನಿಲ್ಲಿಸಿ, ನಾನು ಬರುವುದನ್ನು ನೋಡುತ್ತ ಇದ್ದರು.

ಹತ್ತಿರ ಹೋದಾಗ ಪುಟ್ಟತಾಯಮ್ಮ ನನ್ನ ಕಾಲನ್ನೂ ತಂಗಿಯ ಕಾಲನ್ನೂ ಒಂದಾದ ಮೇಲೊಂದು ನೋಡಿದಳು. ಎಲ್ಲರ ಹಾಗೆ ಕಣ್ಣು ತಪ್ಪಿಸಲಿಲ್ಲ, ಸೀರೆಯ ಅಂಚು ನೋಡುವವಳಂತೆ ಬಿಡಿಸಿ ನೋಡಿದಳು.

"ಅವು ನಿನ್ನವೇನಮ್ಮ?"

"ನನ್ನವು," ಎಂದೆ.

"ಬಾವಿಕಟ್ಟೆ ಹತ್ರ ಇರುವಾಗ್ಲೇ ಕೇಳಿಸ್ತು. ಎದ್ದು ಬಾಗ್ಲು ಹಾಕ್ದೆ. ಆಮೇಲೆ ಅದು ಬರ್ತಾನೇ ಇತ್ತು, ಬರ್ತಾನೇ ಇತ್ತು. ಎಷ್ಟು ಹೊತ್ತಂತ ಹಾಕ್ಕೊಂಡಿರೋದು."

ಚೆಲುವಮ್ಮ ಕೋಲನ್ನು ನನ್ನ ಕಡೆ ಚಾಚಿ, ನಿಮ್ಮಮ್ಮ ಬೈದಳೇನೇ ಎಂದು ಕೇಳಿದಳು. ಇಲ್ಲ ಎಂದೆ. ಪುರಸಭೆಗೆ ಹೇಳಿ ಕುರ್ಚಿ ಕಳಿಸು ಎಂದಳು. ಆಗಲಿ ಎಂದೆ. ಆದರೆ ಹೋಗಲಿಲ್ಲ. ಪುಟ್ಟತಾಯಮ್ಮ ಆಗಲೇ ಸೆರಗಿನಿಂದ ಬೀದಿಯ ಧೂಳು ಕೊಡವಿ ತಾನೂ ನೆಲಕ್ಕೆ ಕೂತಿದ್ದಳು. ಅವಳ ಪಕ್ಕ ಇನ್ನೂ ಜಾಗವಿತ್ತು. ಕೋಲನ್ನು ಮಡಿಲ ಮೇಲಿಟ್ಟುಕೊಂಡು, ಎರಡೂ ಕಾಲಲ್ಲಿ ಬೇಕಾದಷ್ಟು ಹೆಜ್ಜೆಗಳಿದ್ದರೂ, ನಾನೂ ಕೂತೆ.